ಅರ್ಧ ಕಪ್ಪು ಬಳಿದ ವೃತ್ತ

ಹೊಳೆನರಸೀಪುರ
6 ಮಾರ್ಚ್ 2025

ಡಾ. ಸಿದ್ದೇಶ್ವರ ಅವರಿಗೆ,
ಮುಖ್ಯಸ್ಥರು, ತಳಿವಿಜ್ಞಾನ ಸ್ನಾತಕೋತ್ತರ ವಿಭಾಗ,
ಶ್ರೀ ಮಾರ್ತಾಂಡ ವಿಜ್ಞಾನ ಕಾಲೇಜು, ಹಾಸನ

ಮಾನ್ಯರೇ,

ಕಳೆದ ಫೆಬ್ರವರಿ 28ರ ಶುಕ್ರವಾರ, ರಾಷ್ಟ್ರೀಯ ವಿಜ್ಞಾನ ದಿನದಂದು, ನಿಮ್ಮ ವಿಭಾಗವು ಒಂದು ಕುಟುಂಬದ ಹೆಸರು, ಊರು, ನೆಂಟಸ್ತಿಕೆಯನ್ನೆಲ್ಲ ಆಳೆತ್ತರದ ಫ್ಲೆಕ್ಸಿನ ಮೇಲೆ ಮುದ್ರಿಸಿ ಸಭಾಂಗಣದ ಬಾಗಿಲಲ್ಲಿ ತೂಗುಹಾಕಿತು. ಆ ಕುಟುಂಬದ ಒಪ್ಪಿಗೆ ಕೇಳಲಿಲ್ಲ. ಕೇಳದೇ ಇದ್ದದ್ದಷ್ಟೇ ಅಲ್ಲ, ಹೆಸರು ಹೊರಗೆ ಬರುವುದಿಲ್ಲವೆಂದು ಅವರಿಗೆ ಮಾತು ಕೊಡಲಾಗಿತ್ತು. ಮಾತು ಕೊಟ್ಟವನು ನಾನು. ಆದ್ದರಿಂದ ಈ ಪತ್ರ.

ರಾಮನಾಥಪುರದ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ನಿಮ್ಮಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿರುವ ವರ್ಷಾ ನನ್ನ ತಮ್ಮನ ಮಗಳು. ಹುಟ್ಟುಕಿವುಡು ಮನೆತನಗಳಲ್ಲಿ ಹೇಗೆ ಇಳಿದು ಬರುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಅದಕ್ಕಾಗಿ ರಾಮನಾಥಪುರದ ಆಚೆ ಹೊಗೆಸೊಪ್ಪು ಬೆಳೆಯುವ ರಂಗಯ್ಯನ ಮನೆಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ರಂಗಯ್ಯ ತನ್ನ ಅಕ್ಕನ ಮಗಳನ್ನೇ ಮದುವೆಯಾದವನು. ನಮ್ಮ ಕಡೆ ಅದರಲ್ಲಿ ಹೊಸದೇನಿಲ್ಲ. ಅವನ ಇಬ್ಬರು ಗಂಡುಮಕ್ಕಳಿಗೂ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಹಿರಿಯ ಮಗಳು ನೇತ್ರಾವತಿಗೆ ಕೇಳಿಸುತ್ತದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಆ ಮನೆಯಲ್ಲಿ ಊರಿನ ಮಾತನ್ನು ಕೈಗೂ, ಕೈಯ ಮಾತನ್ನು ಊರಿಗೂ ದಾಟಿಸುವವಳು ಅವಳೊಬ್ಬಳೇ.

ಅಂದು ವರ್ಷಾ ಜಗಲಿಯ ಮೇಲೆ ಕುಳಿತು ವಂಶಾವಳಿಯ ಪಟದಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತ ಹೋದಾಗ ರಂಗಯ್ಯನ ತಾಯಿ ಮರಿಯಮ್ಮ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: “ಮೇಷ್ಟ್ರೇ, ಇದ್ರಲ್ಲಿ ನಮ್ ಎಸ್ರು ಬತ್ತದಾ? ಮನೇಲಿ ಮದ್ವೆಗೆ ಬಂದಿರೋ ಎಣ್ಣು ಅದೆ.”

“ಇಲ್ಲ ಕಣವ್ವ, ನಂಬರು ಬತ್ತದೆ ಅಷ್ಟೆ. ಎಸ್ರು ಬರಾಕಿಲ್ಲ” ಎಂದೆ.

ನಿಮ್ಮ ಸಂಸ್ಥೆಯ ಅಧ್ಯಕ್ಷರು ಆ ಫ್ಲೆಕ್ಸಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಕಾಲೇಜಿನ ಫೇಸ್‌ಬುಕ್ ಪುಟದಲ್ಲಿ ಇವತ್ತಿಗೂ ಇದೆ. ಅಧ್ಯಕ್ಷರ ಮುಖಕ್ಕಿಂತ ನೇತ್ರಾವತಿಯ ಹೆಸರೇ ಅದರಲ್ಲಿ ಸ್ಪಷ್ಟವಾಗಿದೆ. ಅಲ್ಲಿಂದ ಅದು ವಾಟ್ಸಾಪಿನಲ್ಲಿ ಹೊರಟು ಚನ್ನರಾಯಪಟ್ಟಣದ ಕಾಯಿ ವ್ಯಾಪಾರಿ ಮಂಚಯ್ಯನವರ ಫೋನಿಗೆ ಬಂತು. ಅವರ ಮಗ ಶಶಿಕಿರಣನಿಗೂ ನೇತ್ರಾವತಿಗೂ ಒಪ್ಪಿಗೆ ಶಾಸ್ತ್ರ ಆಗಿತ್ತು. ಕಳೆದ ಭಾನುವಾರ ಅವರು ಸಂಬಂಧ ಬೇಡವೆಂದು ಹೇಳಿಕಳಿಸಿದ್ದಾರೆ.

ಗಮನಿಸಿ. ಹುಡುಗಿಯ ತಮ್ಮಂದಿರಿಗೆ ಕಿವಿ ಕೇಳಿಸದು ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅದು ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ನೇತ್ರಾವತಿಯ ಹೆಸರಿನ ವೃತ್ತದ ಅರ್ಧಕ್ಕೆ ನೀವು ಬಳಿದ ಕಪ್ಪು. ಅರ್ಧ ಕಪ್ಪು ಎಂದರೆ ವಾಹಕ; ತನಗೇನೂ ತೊಂದರೆಯಿಲ್ಲ, ಆದರೆ ಆ ಜೀನಿನ ಒಂದು ಪ್ರತಿಯನ್ನು ಹೊತ್ತವಳು. ಸ್ವಾಮಿ, ಇದು ನಿಮಗೆ ಹೇಗೆ ಗೊತ್ತಾಯಿತು? ಆ ಹುಡುಗಿಯ ಒಂದು ತೊಟ್ಟು ರಕ್ತವನ್ನೂ ಯಾರೂ ಪರೀಕ್ಷೆ ಮಾಡಿಲ್ಲ.

ನಾನು ಎಂಟನೇ ತರಗತಿಯಲ್ಲಿದ್ದಾಗ ಯಾವುದೋ ರೋಗದ ಸಮೀಕ್ಷೆಯವರು ನಮ್ಮೂರಿಗೆ ಬಂದು ಕೆಲವು ಮನೆಗಳ ಬಾಗಿಲಿಗೆ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ಅವರ ಲೆಕ್ಕಕ್ಕೆ ಅದು ಅನುಕೂಲ. ಗುರುತು ಮಳೆಗೆ ತೊಳೆದುಹೋಯಿತು. ಆ ಮನೆಗಳಿಂದ ನೀರು ತರುವುದನ್ನು ಬಿಟ್ಟವರು ಮಾತ್ರ ಮತ್ತೆ ಹೋಗಲಿಲ್ಲ. ಕಳೆದ ಶತಮಾನದಲ್ಲಿ ಅಮೆರಿಕದ ಕೃಷಿ ಮೇಳಗಳಲ್ಲಿಯೂ ಇಂಥ ಪಟಗಳನ್ನು ತೂಗುಹಾಕಿ, ಯಾರು ಹುಟ್ಟಬೇಕು, ಯಾರು ಹುಟ್ಟಬಾರದು ಎಂದು ಪಾಠ ಹೇಳುತ್ತಿದ್ದರು. ತಳಿವಿಜ್ಞಾನದ ಪ್ರಾಧ್ಯಾಪಕರಿಗೆ ಈ ಚರಿತ್ರೆಯನ್ನು ನಾನು ಹೇಳಬೇಕಾಗಿ ಬಂದದ್ದೇ ಸಂಕಟ.

ಫೋಟೊ ತೆಗೆಯಿರಿ. ಅಷ್ಟೇ ಸಾಲದು. ಆ ಗುರುತು ತಪ್ಪು ಎಂದು ಅದೇ ಪುಟದಲ್ಲಿ, ನಿಮ್ಮ ಹೆಸರಿನಲ್ಲಿ, ಕನ್ನಡದಲ್ಲಿ ಬರೆಯಿರಿ.

ಇತಿ,
ನಂಜುಂಡೇಶ್


ಹಾಸನ
19 ಮಾರ್ಚ್ 2025

ಶ್ರೀ ನಂಜುಂಡೇಶ್ ಅವರಿಗೆ,

ತಮ್ಮ ಪತ್ರ ತಲುಪಿದೆ. ವಿಜ್ಞಾನದ ಬಗ್ಗೆ ಹಿರಿಯರಾದ ತಮಗಿರುವ ಆಸಕ್ತಿ ಸಂತೋಷ ತಂದಿದೆ.

ಸದರಿ ಪ್ರದರ್ಶನದ ಉದ್ದೇಶ ಜನಜಾಗೃತಿ. ಫ್ಲೆಕ್ಸಿನ ಮೇಲ್ಭಾಗದಲ್ಲಿ ‘ರಕ್ತಸಂಬಂಧದಲ್ಲಿ ಮದುವೆ ಬೇಡ’ ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಲಾಗಿತ್ತು. ಸ್ಥಳೀಯ ಉದಾಹರಣೆಯಿಂದ ಜನರಿಗೆ ಮನವರಿಕೆ ಸುಲಭವಾಗುತ್ತದೆ ಎಂಬುದು ಸಂಸ್ಥೆಯ ಅಧ್ಯಕ್ಷರ ಅಭಿಪ್ರಾಯವಾಗಿತ್ತು.

ಅರ್ಧ ಕಪ್ಪಿನ ಬಗ್ಗೆ: ತಂದೆ ತಾಯಿ ಇಬ್ಬರೂ ವಾಹಕರಾಗಿದ್ದು, ಒಡಹುಟ್ಟಿದವರಲ್ಲಿ ದೋಷ ಕಂಡುಬಂದಿರುವಾಗ, ದೋಷವಿಲ್ಲದ ಮಗು ವಾಹಕವಾಗಿರುವ ಸಂಭವ ಮೂರರಲ್ಲಿ ಎರಡು ಎಂಬುದು ತಮಗೂ ತಿಳಿದಿರುತ್ತದೆ. ಮೂರರಲ್ಲಿ ಎರಡು ಎಂದರೆ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಗುರುತು ಸಮರ್ಥನೀಯವಾಗಿದೆ.

ಕುಮಾರಿ ವರ್ಷಾ ಅವರ ಪ್ರಬಂಧದ ಮೌಖಿಕ ಪರೀಕ್ಷೆ ಮೇ ತಿಂಗಳ ಕೊನೆಯಲ್ಲಿದೆ. ಇಂಥ ಪತ್ರವ್ಯವಹಾರ ಅವರ ಮನಸ್ಸಿನ ಏಕಾಗ್ರತೆಗೆ ಭಂಗ ತರದಿರಲಿ ಎಂದು ಹಾರೈಸುತ್ತೇನೆ.

ವಿಶ್ವಾಸದಿಂದ,
ಡಾ. ಸಿದ್ದೇಶ್ವರ


ಹಾಸನ, ಹಾಸ್ಟೆಲ್
24 ಮಾರ್ಚ್ 2025

ದೊಡ್ಡಪ್ಪನಿಗೆ ನಮಸ್ಕಾರ.

ಫೋನ್ ಮಾಡಿದರೆ ನೀವು ಕೂಗುತ್ತೀರಿ, ಕಾರಿಡಾರಿನ ಎರಡೂ ಕಡೆಯ ಹುಡುಗಿಯರು ಬಾಗಿಲು ತೆಗೆದು ನೋಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಒಂದು ಮಾತು ಹೇಳದೆ ನಮ್ಮ ಸರ್‌ಗೆ ಹಾಗೆ ಯಾಕೆ ಬರೆದಿರಿ? ನಿಮ್ಮ ಪತ್ರವನ್ನು ಅವರು ಕ್ಲಾಸಿನಲ್ಲೇ ಓದಿದರು. “ಅಮೆರಿಕದ ಕೃಷಿ ಮೇಳ” ಎಂಬ ಕಡೆ ನಿಲ್ಲಿಸಿ, “ನಮ್ ವರ್ಷಾ ದೊಡ್ಡಪ್ಪ ಇಂಟರ್‌ನ್ಯಾಷನಲ್ ಕಣ್ರಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಇನ್ನೇನು ಮಾಡಬೇಕಿತ್ತು?

ನಡೆದದ್ದು ಇಷ್ಟು. ನನ್ನ ಪಟದಲ್ಲಿ ಹೆಸರುಗಳಿರಲಿಲ್ಲ, ಸಂಖ್ಯೆಗಳಿದ್ದವು. ಯಾವ ಸಂಖ್ಯೆ ಯಾರು ಎಂಬ ಹಾಳೆಯನ್ನು ಮಾರ್ಗದರ್ಶಕರು ಕೇಳುವುದು ಪದ್ಧತಿ, ಕೊಟ್ಟಿದ್ದೆ. ವಿಜ್ಞಾನ ದಿನದ ಹಿಂದಿನ ದಿನ ಅಧ್ಯಕ್ಷರು ಬಂದು ಪಟವನ್ನು ನೋಡಿ, “ಏನ್ರೀ ಇದು, ಬರೀ ನಂಬರು, ಮಗ್ಗಿ ಪುಸ್ತಕ ಇದ್ದಂಗದೆ. ಯಾವೂರು, ಯಾರ ಮನೆ, ಅದು ಬೇಡ್ವಾ?” ಎಂದರು. ಸರ್ ಆ ಹಾಳೆಯನ್ನೂ ಪಟವನ್ನೂ ಫ್ಲೆಕ್ಸ್ ಅಂಗಡಿಗೆ ಕಳಿಸಿಬಿಟ್ಟರು.

ನೇತ್ರಕ್ಕನ ವೃತ್ತವನ್ನು ನಾನು ಖಾಲಿ ಬಿಟ್ಟು ಒಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಗೊತ್ತಿಲ್ಲದ್ದಕ್ಕೆ ಅದೇ ಕ್ರಮ. ಸರ್ ಅದನ್ನು ಹೊಡೆದುಹಾಕಿದರು. “ಮುಖ್ಯ ಅತಿಥಿಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ತೂಗುಹಾಕ್ತೀಯಾ? ಡಿಪಾರ್ಟ್‌ಮೆಂಟಿಗೇ ಗೊತ್ತಿಲ್ಲ ಅಂದ್ಕೋತಾರೆ” ಎಂದರು. ಗೊತ್ತಿಲ್ಲವಲ್ಲ ಸರ್ ಎಂದೆ. “ಮೂರರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಜಾಸ್ತಿ ತಾನೇ? ಅರ್ಧ ಬಳಿಸು.”

ದೊಡ್ಡಪ್ಪ, ನಾವು ಮೊದಲ ಸೆಮಿಸ್ಟರಿನಲ್ಲಿ ಕಲಿಯುವುದೇ ಸಂಭವ ಎಂದರೇನು ಎಂಬುದು. ನೂರು ಅಂಥ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಅರವತ್ತೇಳು ಜನ ವಾಹಕರಿರಬಹುದು ಎಂದು ಹೇಳಬಹುದು. ಎದುರಿಗೆ ನಿಂತ ಒಬ್ಬಳ ಬಗ್ಗೆ ಅದು ಏನನ್ನೂ ತೀರ್ಮಾನಿಸುವುದಿಲ್ಲ. ಇದನ್ನು ನನಗೆ ಕಲಿಸಿದವರೂ ಸಿದ್ದೇಶ್ವರ ಸರ್ ಅವರೇ. ಬಹಳ ಚೆನ್ನಾಗಿಯೇ ಕಲಿಸಿದ್ದರು. ನನಗೆ ತಲೆ ಕೆಟ್ಟಿರುವುದು ಅದಕ್ಕೇ.

ದಯವಿಟ್ಟು ಇನ್ನೊಂದು ಪತ್ರ ಬರೆಯಬೇಡಿ. ಮೌಖಿಕ ಪರೀಕ್ಷೆ ಮುಗಿಯಲಿ. ಅಪ್ಪನಿಗೂ ಹೇಳಬೇಡಿ.

ನಿಮ್ಮ,
ವರ್ಷಾ


ಹೊಳೆನರಸೀಪುರ
31 ಮಾರ್ಚ್ 2025

ಚಿ. ವರ್ಷಾಗೆ,

ಸರಿ, ಬರೆಯುವುದಿಲ್ಲ. ಬಸ್ಸು ಹತ್ತಬೇಡಿ ಎಂದು ನೀನು ಹೇಳಿರಲಿಲ್ಲ. ಆದ್ದರಿಂದ ಶನಿವಾರ ಚನ್ನರಾಯಪಟ್ಟಣಕ್ಕೆ ಹೋಗಿ ಮಂಚಯ್ಯನವರನ್ನು ಕಂಡು ಬಂದೆ.

ತೆಂಗಿನಕಾಯಿ ರಾಶಿಯ ನಡುವೆ ಸ್ಟೂಲು ಹಾಕಿ ಕೂರಿಸಿದರು. ಎಳನೀರು ಕೊಟ್ಟರು. ಮರ್ಯಾದೆಗೆ ಕೊರತೆ ಮಾಡಲಿಲ್ಲ. ನಾನು ನಲವತ್ತು ಮಕ್ಕಳಿಗೆ ಪಾಠ ಹೇಳುವ ಗಂಟಲಿನಲ್ಲಿ ಶುರು ಮಾಡಿದೆ: ಮನುಷ್ಯನಲ್ಲಿ ಪ್ರತಿ ಜೀನಿಗೂ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಎರಡೂ ಕೆಟ್ಟಿದ್ದರೆ ಮಾತ್ರ ಮಗುವಿಗೆ ಕಿವಿ ಕೇಳಿಸದು. ಹುಡುಗಿಯಲ್ಲಿ ಒಂದು ಕೆಟ್ಟಿದ್ದರೂ ನಿಮ್ಮ ಹುಡುಗನಲ್ಲಿ ಅದು ಇಲ್ಲದಿದ್ದರೆ ಮಕ್ಕಳಿಗೆ ಏನೂ ಇಲ್ಲ. ನೀವು ಅವರಿಗೆ ಹಿಂದೆ ಮುಂದೆ ಸಂಬಂಧವಿಲ್ಲದವರು. ಈ ಮನೆತನಕ್ಕೆ ನಿಮ್ಮಂಥ ಸಂಬಂಧಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಅವರು ಕೇಳಿದರು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. “ಮೇಷ್ಟ್ರೇ, ನೀರಿದ್ರೆ ಗೊತ್ತಾಯ್ತದೆ, ಇಲ್ದಿದ್ರೂ ಗೊತ್ತಾಯ್ತದೆ. ಒಳ್ಳೇದಾ ಕೆಟ್ಟದ್ದಾ ಒಂದೇಳಿ ಅಂದ್ರೆ ನೀವು ಅದೂ ಇರ್ಬೋದು ಇದೂ ಇರ್ಬೋದು ಅಂತೀರಿ.”

“ಅದೇ ನಿಜ ಕಣ್ರಿ. ಗೊತ್ತಿಲ್ಲ ಅನ್ನೋದೇ ನಿಜ.”

“ಗೊತ್ತಿಲ್ಲ ಅಂತ ನೀವಂತೀರಿ. ಕಾಲೇಜ್ನೋರು ಗೊತ್ತು ಅಂತ ಬಣ್ಣ ಬಳ್ದವ್ರೆ. ಡಾಕ್ಟ್ರು ಅಂತ ಎಸರಾಕ್ಕೊಂಡವ್ರೆ. ನೀವು, ತಪ್ಪು ತಿಳ್ಕೋಬೇಡಿ, ರಿಟೈರ್ಡು.”

ನನಗೆ ಉರಿದುಹೋಯಿತು. ಮಂಚಯ್ಯನ ಮೇಲಲ್ಲ. ಆ ಮನುಷ್ಯ ಕಾಲೇಜನ್ನು ನಂಬಿದ್ದಾನೆ. ಓದಿದವರನ್ನು ನಂಬಿ ಅಂತ ಮೂವತ್ತು ವರ್ಷ ಹಳ್ಳಿ ಹಳ್ಳಿಗೆ ಹೇಳಿಕೊಂಡು ಬಂದವನು ನಾನೇ.

ಹೊರಡುವಾಗ ಅವರು ಒಂದು ಮಾತು ಹೇಳಿದರು: “ಬಳ್ದೋರೇ ನಾಕ್ ಜನದ್ ಮುಂದೆ ತಪ್ಪಾಯ್ತು ಅನ್ಲಿ, ನೋಡಾವ. ನಾನೇನ್ ಆ ಉಡುಗಿ ಮೇಲೆ ಅಗೆ ಸಾಧಿಸ್ತಿಲ್ಲ.”

ಶಶಿಕಿರಣ ಅಲ್ಲೇ ಕಾಯಿ ಎಣಿಸುತ್ತಿದ್ದ. ಬಸ್ ನಿಲ್ದಾಣಕ್ಕೆ ಸ್ಕೂಟರಿನಲ್ಲಿ ಬಿಡುತ್ತೇನೆಂದು ಬಂದವನು ಹೊಳೆನರಸೀಪುರದ ಬಸ್ಸು ಬಂದಮೇಲೆ ಬಾಯಿ ಬಿಟ್ಟ. “ಸಾ, ನಂಗೇನೂ ಇಲ್ಲ ಸಾ. ಅಪ್ಪಂಗೆ ನೆಂಟ್ರು ಬಾಯಿಗೆ ಎದ್ರಿಕೆ. ಕಾಲೇಜ್ ಕಡೆಯಿಂದ ಒಂದ್ ಮಾತ್ ಕೊಡಿಸ್ಬುಡಿ.” ಇಷ್ಟನ್ನು ಅವನು ಅಪ್ಪನ ಎದುರಿಗೆ ಹೇಳಿದ್ದರೆ ನನಗೆ ಬಸ್ಸಿನಲ್ಲಿ ಅಷ್ಟು ಕೋಪ ಬರುತ್ತಿರಲಿಲ್ಲ.

ಒಂದು ಮಾತು. ಅದಕ್ಕೆ ನಿಮ್ಮ ಸರ್‌ಗೆ ಏನು ಖರ್ಚಿದೆ ಹೇಳು.

ಊಟ ಸರಿಯಾಗಿ ಮಾಡು.

ನಿನ್ನ ದೊಡ್ಡಪ್ಪ,
ನಂಜುಂಡೇಶ್


ರಾಮನಾಥಪುರ
17 ಏಪ್ರಿಲ್ 2025

ಪ್ರಿಯ ವರ್ಷಾ,

ನೀನು ಎರಡು ಸಲ ಫೋನ್ ಮಾಡಿದಾಗಲೂ ನಾನು ಎತ್ತಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ಯಾವಾಗಲೂ ಜನ. ಅವರಲ್ಲಿ ಅರ್ಧ ಜನರ ಫೋನಿನಲ್ಲಿ ಆ ಫೋಟೊ ಇದೆ. ಒಬ್ಬರು ಅದನ್ನೇ ಪ್ರಿಂಟ್ ಹಾಕಿಕೊಡು ಎಂದು ನನ್ನ ಕೈಗೇ ಫೋನ್ ಕೊಟ್ಟರು. ಹೆಸರು ನೋಡಿ ಆಮೇಲೆ ನಾಲಿಗೆ ಕಚ್ಚಿಕೊಂಡರು.

ತಮ್ಮಂದಿರು ಅದನ್ನು ನೋಡಿ ನಕ್ಕರು ಗೊತ್ತಾ? ಅವರಿಬ್ಬರದೂ ಪೂರ್ತಿ ಕಪ್ಪು ಚೌಕ, ನನ್ನದು ಅರ್ಧ. ದೊಡ್ಡವನು ಕೈಯಲ್ಲಿ ಹೇಳಿದ: ಇದ್ರಲ್ಲೂ ನೀನು ಅರ್ಧಂಬರ್ಧ, ನಮ್ಮ ಕಡೆಗೂ ಬರ್ಲಿಲ್ಲ, ಅವ್ರ ಕಡೆಗೂ ಹೋಗ್ಲಿಲ್ಲ ಅಂತ. ನಾನೂ ನಕ್ಕೆ. ಆಮೇಲೆ ಚಿಕ್ಕವನು, ಆ ಮದುವೆ ನಮ್ಮಿಂದ ನಿಂತಿತಾ ಎಂದು ಕೇಳಿದ.

ಈಗ ಮನೆಯಲ್ಲಿ ಮಧುಮಾವನಿಗೆ ನನ್ನನ್ನು ಕೊಡುವ ಮಾತು. ಮಧುಕುಮಾರ್, ನಮ್ಮ ಅಮ್ಮನ ತಮ್ಮ. ಶಾಂತಿಗ್ರಾಮದಲ್ಲಿ ಹಾಲಿನ ವ್ಯಾನ್ ಓಡಿಸುತ್ತಾನೆ, ನೀನು ನೋಡಿದ್ದೀಯ. ಅಜ್ಜಿ ಹಟ ಹಿಡಿದಿದ್ದಾಳೆ. “ಹೊರ್ಗಿನೋರು ಬಣ್ಣ ನೋಡಿ ಓದ್ರು. ನಮ್ ಉಡ್ಗನಾದ್ರೆ ಬಣ್ಣ ನೋಡ್ತಾನಾ? ಆಷಾಡ ಉಟ್ಟಾಕೆ ಮುಂಚೆ ಮುಗಿಸ್ಬುಡಾವ” ಅನ್ನುತ್ತಾಳೆ. ಅಪ್ಪ ಆ ಮಾತು ಬಂದರೆ ಎದ್ದು ಹೊಲಕ್ಕೆ ಹೋಗುತ್ತಾನೆ. ಅಮ್ಮ ಸುಮ್ಮನೆ ಅಳುತ್ತಾಳೆ. ಮಧುಮಾವ ಒಳ್ಳೆಯವನು. ನನ್ನನ್ನು ಎತ್ತಿ ಆಡಿಸಿದವನು. ಮೊನ್ನೆ ಬಂದವನು ನನ್ನ ಮುಖ ನೋಡದೆ, “ನೇತ್ರಾ, ನೀನು ಬ್ಯಾಡ ಅಂದ್ರೆ ನಾನೂ ಬ್ಯಾಡ ಅಂತೀನಿ. ಆದ್ರೆ ಅಜ್ಜಿಗೆ ನೀನೇ ಏಳು, ನನ್ ಕೈಲಾಗಲ್ಲ” ಎಂದು ವ್ಯಾನ್ ಹತ್ತಿ ಹೋದ. ಈ ಮನೆಯಲ್ಲಿ ಎಲ್ಲ ಮಾತನ್ನೂ ನಾನೇ ಹೇಳಬೇಕು.

ನಿನ್ನ ಮೇಲೆ ಕೋಪ ಇತ್ತು. ಈಗಲೂ ಸ್ವಲ್ಪ ಇದೆ. ಆದರೂ ನಿನ್ನನ್ನೇ ಕೇಳಬೇಕು, ಬೇರೆ ಯಾರೂ ಇಲ್ಲ. ನನಗೂ ಮಧುಮಾವನಿಗೂ ಮದುವೆಯಾದರೆ ಮಕ್ಕಳು ತಮ್ಮಂದಿರ ಹಾಗೆ ಹುಟ್ಟುವ ಸಂಭವ ಎಷ್ಟು? ಚನ್ನರಾಯಪಟ್ಟಣದ ಕಡೆ ಆಗಿದ್ದರೆ ಎಷ್ಟಿತ್ತು? ಬಣ್ಣ ಬೇಡ, ಲೆಕ್ಕ ಬರೆದು ಕಳಿಸು.

ಇತಿ,
ನೇತ್ರಾವತಿ


ಹಾಸನ
22 ಏಪ್ರಿಲ್ 2025

ನೇತ್ರಕ್ಕನಿಗೆ,

ಕೋಪ ಸ್ವಲ್ಪವೇ ಉಳಿದಿದೆಯೆಂದು ಬರೆದಿದ್ದೀರಿ. ಅದು ನಿಮ್ಮ ದೊಡ್ಡತನ.

ಲೆಕ್ಕ ಹೀಗೆ. ನೀವು ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ಮಧುಕುಮಾರ್ ಅದೇ ರಕ್ತ, ನಿಮ್ಮ ಅಮ್ಮನ ಬೆನ್ನಿಗೆ ಹುಟ್ಟಿದವರು. ಅವರದು ಹೆಚ್ಚುಕಡಿಮೆ ಎರಡರಲ್ಲಿ ಒಂದು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು. ಮೂರನ್ನೂ ಗುಣಿಸಿದರೆ ಹನ್ನೆರಡರಲ್ಲಿ ಒಂದು. ಶಶಿಕಿರಣ್ ಹೊರಗಿನವರು. ಅವರಲ್ಲಿಯೂ ಅದೇ ಜೀನು ಕೆಟ್ಟಿರುವುದು ಅಪರೂಪ. ಅಲ್ಲಿ ಸಂಭವ ಕೆಲವು ನೂರರಲ್ಲಿ ಒಂದು, ಯಾರ ಮನೆಯಲ್ಲಾದರೂ ಇರುವುದಕ್ಕಿಂತ ಸ್ವಲ್ಪವೇ ಹೆಚ್ಚು.

ಹನ್ನೆರಡರಲ್ಲಿ ಹನ್ನೊಂದು ಸಲ ಮಗುವಿಗೆ ಕೇಳಿಸುತ್ತದೆ ಎಂಬುದನ್ನೂ ಓದಿಕೊಳ್ಳಿ. ಕೇಳಿಸದ ಮಗು ಹುಟ್ಟಿದರೆ ಅದು ಅನಾಹುತವಲ್ಲ ಎಂದು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ನಿಮ್ಮ ತಮ್ಮಂದಿರು ಜಗಳವಾಡುವುದನ್ನೂ ನಗುವುದನ್ನೂ ನಾನೇ ನೋಡಿದ್ದೇನೆ. ತೀರ್ಮಾನ ನಿಮ್ಮದಾಗಬೇಕಿತ್ತು, ಅಷ್ಟೆ. ನಮ್ಮ ಫ್ಲೆಕ್ಸ್ ಮೇಲುಗಡೆ ‘ರಕ್ತಸಂಬಂಧದಲ್ಲಿ ಮದುವೆ ಬೇಡ’ ಎಂದು ಬರೆದು, ಕೆಳಗಡೆಯಿಂದ ನಿಮ್ಮನ್ನು ಅದೇ ಮದುವೆಗೆ ನೂಕಿದೆ. ಇದನ್ನು ಯಾರಿಗೆ ಹೇಳಿ ನಗಲಿ, ಯಾರಿಗೆ ಹೇಳಿ ಅಳಲಿ?

ನಿನ್ನೆ ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ಸರ್ ಕೋಣೆಗೆ ಹೋದೆ. ಕನ್ನಡಕ ಏರಿಸಿ ನೋಡಿದರು. “ಲೆಕ್ಕ ಕರೆಕ್ಟಾಗಿದೆ” ಎಂದರು. ಹಾಗಾದರೆ ಗುರುತು ತಪ್ಪು ಎಂದು ಒಂದು ಸಾಲು ಬರೆದುಕೊಡಿ ಸರ್ ಎಂದೆ. ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. “ನೀನು ಎಂ.ಎಸ್ಸಿ. ಮಾಡೋಕೆ ಬಂದಿದ್ದೀಯೋ ಮದುವೆ ಬ್ರೋಕರ್ ಕೆಲಸಕ್ಕೋ?”

“ಎರಡನ್ನೂ ಡಿಪಾರ್ಟ್‌ಮೆಂಟೇ ಕೊಡಿಸಿದೆ ಸರ್” ಎಂದುಬಿಟ್ಟೆ. ಅವರು ಪೆನ್ನಿನ ಕ್ಯಾಪು ಮುಚ್ಚಿದರು. ನಾನು ಎದ್ದು ಬಂದೆ.

ಪರೀಕ್ಷೆ ಮಾಡಿಸಿದರೆ ನೀವು ವಾಹಕಳೋ ಅಲ್ಲವೋ ತಿಳಿದೀತು. ಆದರೆ ನೀವು ಯಾರಿಗೂ ಅದನ್ನು ಸಾಬೀತು ಮಾಡಬೇಕಾಗಿಲ್ಲ. ಸಾಬೀತು ಮಾಡಬೇಕಾದವರು ಬಳಿದವರು.

ನಿಮ್ಮ,
ವರ್ಷಾ


ಹಾಸನ
6 ಮೇ 2025

ಶ್ರೀ ನಂಜುಂಡೇಶ್ ಅವರಿಗೆ,

ತಮ್ಮ ಹಾಗೂ ಕುಮಾರಿ ವರ್ಷಾ ಅವರ ಭಾವನೆಗಳನ್ನು ಗೌರವಿಸಿ ಸದರಿ ಫ್ಲೆಕ್ಸನ್ನು ತೆರವುಗೊಳಿಸಲಾಗಿದೆ. ಫೇಸ್‌ಬುಕ್ ಪುಟದಿಂದ ಚಿತ್ರವನ್ನೂ ತೆಗೆಯಲಾಗಿದೆ. ವಿಷಯ ಇಲ್ಲಿಗೆ ಮುಕ್ತಾಯವಾಗಿದೆ ಎಂದು ಭಾವಿಸುತ್ತೇನೆ.

ಡಾ. ಸಿದ್ದೇಶ್ವರ


ಹಾಸನ
9 ಮೇ 2025

ದೊಡ್ಡಪ್ಪ,

ಫ್ಲೆಕ್ಸ್ ತೆರವಾಗಿರುವುದು ನಿಜ. ಈಗ ಅದು ಕ್ಯಾಂಟೀನಿನ ಹಿಂದೆ ಸೌದೆ ರಾಶಿಗೆ ಹೊದಿಕೆ. ನೇತ್ರಕ್ಕನ ಹೆಸರು ಮೇಲಕ್ಕೇ ಇದೆ. ಒಂದು ಕೋಳಿ ಅದರ ಮೇಲೆ ನಿಂತಿತ್ತು.

ಕ್ಯಾಂಟೀನಿನ ಲಕ್ಷ್ಮಿದೇವಮ್ಮನನ್ನು ಕೇಳಿದರೆ, “ಗಟ್ಟಿ ಪ್ಲಾಸ್ಟಿಕ್ಕು ಕಣವ್ವ, ಮುಂಗಾರಿಗೆ ಆಯ್ತದೆ. ನಿಮ್ ಸಾಯೇಬ್ರೇ ತಗೋ ಅಂದ್ರು” ಎಂದರು. ನಾನು ಬೇರೆ ಟಾರ್ಪಾಲು ತಂದುಕೊಡುತ್ತೇನೆಂದು ಹೇಳಿ ಅದನ್ನು ಬಿಡಿಸಿಕೊಂಡು ಮಡಿಸಿ ಹಾಸ್ಟೆಲ್ಲಿಗೆ ತಂದಿದ್ದೇನೆ. ಮಂಚದ ಕೆಳಗೆ ಇಟ್ಟಿದ್ದೇನೆ. ರೂಮಿನ ಹುಡುಗಿ ಇದೇನು ವಾಸನೆ ಎಂದು ಗೊಣಗುತ್ತಿದ್ದಾಳೆ.

ಮಾರ್ಚಿನಲ್ಲಿ ಇನ್ನೊಂದು ಪತ್ರ ಬರೆಯಬೇಡಿ ಎಂದಿದ್ದೆ. ಈಗ ಬರೆಯಿರಿ. ಸರ್‌ಗೆ ಅಲ್ಲ, ಎಲ್ಲರಿಗೂ ಕಾಣುವ ಹಾಗೆ. ಕೆಳಗೆ ನನ್ನ ಸಹಿಯೂ ಇರಲಿ, ನಿಮ್ಮದಕ್ಕಿಂತ ಮೊದಲು ಇರಲಿ. ಆ ಮನೆಯ ಪಟ ಬರೆದವಳು ನಾನು. ಮೌಖಿಕ ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಕೇಳಲಿ. ತಳಿವಿಜ್ಞಾನದ ಮೂಲತತ್ವಗಳೇನು ಎಂದರೆ ಉತ್ತರ ನನಗೆ ಬರುತ್ತದೆ.

ಅಪ್ಪನಿಗೆ ನೀವೇ ಹೇಳಿ. ಕೂಗಬೇಡಿ.

ವರ್ಷಾ


ಹೊಳೆನರಸೀಪುರ
11 ಮೇ 2025

ಚಿ. ವರ್ಷಾಗೆ,

ನಿನ್ನ ಅಪ್ಪನಿಗೆ ಹೇಳಿದೆ. ಕೂಗಿದ್ದು ಅವನು, ನಾನಲ್ಲ.

ಪತ್ರ ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ತಪ್ಪು ಗುರುತನ್ನು ತಿದ್ದಿ ಎನ್ನಬೇಕಾದರೆ ಯಾರ ಗುರುತು ಎಂದು ಹೇಳಬೇಕು. ಹೇಳಿದರೆ ಅವರು ಮಾಡಿದ್ದನ್ನೇ ನಾನೂ ಮಾಡಿದ ಹಾಗಾಗುತ್ತದೆ. ಹೇಳದಿದ್ದರೆ ಮಂಚಯ್ಯನಿಗೆ ಅದು ಯಾರದೋ ಮನೆಯ ಸುದ್ದಿ. ಕೊನೆಗೆ ರಾಮನಾಥಪುರಕ್ಕೆ ಹೋಗಿ ನೇತ್ರಾವತಿಯನ್ನೇ ಕೇಳಿದೆ. ಮರಿಯಮ್ಮ ಬಾಗಿಲಲ್ಲೇ ತಡೆದಳು. “ಮೇಷ್ಟ್ರೇ, ಓದ್ಸಲ ನೀವ್ ಬಂದು ಮಾತ್ ಕೊಟ್ರಿ. ಈಗ ಏನ್ ತಂದಿದ್ದೀರಿ?”

ಹುಡುಗಿ ಒಳಗಿನಿಂದ ಬಂದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಪಕ್ಕದಲ್ಲಿದ್ದ ತಮ್ಮಂದಿರಿಗೆ ಕೈಯಲ್ಲಿ ಹೇಳಿ ಮುಗಿಸಿದಳು. ಅವರೇನೋ ಕೇಳಿದರು, ಇವಳೇನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಸಾ, ನೀವು ನನ್ನ ಹೆಸರು ಬರೀಬೇಡಿ. ಕಾಲೇಜಿನವರನ್ನ ಅದೇ ಸಭಾಂಗಣಕ್ಕೆ ಕರೀರಿ. ಹೆಸರು ನಾನೇ ಹೇಳ್ತೀನಿ.”

ಅಜ್ಜಿ, “ಅಯ್ಯೋ, ನಾಕ್ ಜನದ್ ಮುಂದೆ ಎಣ್ಣು ನಿಂತ್ಕಂಡಾ?” ಎಂದಳು.

“ನಿಲ್ಸಿ ಆಯ್ತಲ್ಲಜ್ಜಿ ಗ್ವಾಡೆ ಮೇಲೆ. ಈಗ ನಾನೇ ನಿಂತ್ಕತೀನಿ. ಅದಾಗಗಂಟ ಮಧುಮಾವನ್ ಮಾತು ಎತ್ತಬ್ಯಾಡ” ಎಂದಳು. ಮರಿಯಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಇಲ್ಲ ಎನ್ನಲಿಲ್ಲ.

ನಿನ್ನ ದೊಡ್ಡಪ್ಪ,
ನಂಜುಂಡೇಶ್


14 ಮೇ 2025
ಬಹಿರಂಗ ಪತ್ರ

ಶ್ರೀ ಮಾರ್ತಾಂಡ ವಿಜ್ಞಾನ ಕಾಲೇಜಿನ ಅಧ್ಯಕ್ಷರು, ಪ್ರಾಂಶುಪಾಲರು ಮತ್ತು ಡಾ. ಸಿದ್ದೇಶ್ವರ ಅವರಿಗೆ, ಪ್ರತಿಗಳು ಜಿಲ್ಲೆಯ ಪತ್ರಿಕೆಗಳಿಗೆ, ಮತ್ತು ಚನ್ನರಾಯಪಟ್ಟಣದ ಶ್ರೀ ಮಂಚಯ್ಯನವರಿಗೆ.

ಮಾನ್ಯರೇ,

ಫೆಬ್ರವರಿ 28ರಂದು ನೀವು ಒಂದು ಮನೆಯ ವಂಶಾವಳಿಯನ್ನು ಹೆಸರುಗಳ ಸಮೇತ ಸಾರ್ವಜನಿಕವಾಗಿ ತೂಗುಹಾಕಿದಿರಿ. ಪರೀಕ್ಷೆಯನ್ನೇ ಮಾಡದ ಹುಡುಗಿಯೊಬ್ಬಳನ್ನು ವಾಹಕಳೆಂದು ಗುರುತಿಸಿದಿರಿ. ನಿಮ್ಮ ವಿದ್ಯಾರ್ಥಿನಿ ಸರಿಯಾಗಿಯೇ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು, ನೋಡಲು ಚೆನ್ನಾಗಿರುವುದಿಲ್ಲವೆಂದು ಅಳಿಸಿದಿರಿ. ಆ ಗುರುತಿನಿಂದ ಹೊರಗಿನ ಸಂಬಂಧ ಮುರಿಯಿತು. ಯಾವ ಮದುವೆ ಬೇಡವೆಂದು ಫ್ಲೆಕ್ಸಿನ ತಲೆಯ ಮೇಲೆ ಬರೆಸಿದ್ದಿರೋ ಆ ಮದುವೆಯೇ ಈಗ ಅವಳ ಮುಂದೆ ನಿಂತಿದೆ.

ಫ್ಲೆಕ್ಸ್ ಇಳಿಸಿದ್ದೀರಿ, ಫೋಟೊ ತೆಗೆದಿದ್ದೀರಿ. ತೂಗುಹಾಕಿದ್ದು ಎಲ್ಲರ ಮುಂದೆ, ಇಳಿಸಿದ್ದು ಯಾರಿಗೂ ತಿಳಿಯದ ಹಾಗೆ. ಇದು ತಿದ್ದುಪಡಿಯಲ್ಲ. ಸೌದೆಗೆ ಹೊದೆಸಿದ್ದ ಆ ಫ್ಲೆಕ್ಸ್ ಈಗ ನಮ್ಮ ಬಳಿ ಇದೆ.

ಮೇ 31ರ ಶನಿವಾರ ಬೆಳಿಗ್ಗೆ ಅದೇ ಸಭಾಂಗಣದಲ್ಲಿ, ಅದೇ ಬಾಗಿಲಲ್ಲಿ, ಅದನ್ನು ಮತ್ತೆ ತೂಗುಹಾಕುತ್ತೇವೆ, ಒಂದನ್ನು ಬಿಟ್ಟು ಉಳಿದೆಲ್ಲ ಹೆಸರುಗಳ ಮೇಲೆ ಕಾಗದ ಅಂಟಿಸಿ. ಆ ಒಂದು ಹೆಸರಿನವಳು ತಾನೇ ಬರುತ್ತಾಳೆ. ಮುಂದಿನ ಸಾಲಿನಲ್ಲಿ ಕೂತ ತಮ್ಮಂದಿರ ಎದುರು ನಿಲ್ಲುತ್ತಾಳೆ. ಒಂದೇ ಪ್ರಶ್ನೆ ಕೇಳುತ್ತಾಳೆ: ಈ ಅರ್ಧ ಕಪ್ಪು ನಿಮಗೆ ಗೊತ್ತಿದ್ದು ಬಳಿದದ್ದೋ, ಗೊತ್ತಿಲ್ಲದೆ ಬಳಿದದ್ದೋ?

ಡಾ. ಸಿದ್ದೇಶ್ವರ ಅವರು ಬಂದು ಉತ್ತರ ಹೇಳಬೇಕು. ‘ಸದರಿ’ ಬೇಡ, ‘ಜನಜಾಗೃತಿ’ ಬೇಡ, ‘ಸಮರ್ಥನೀಯ’ ಬೇಡ. ನೀವು ಹೇಳುವ ಪ್ರತಿಯೊಂದು ಮಾತನ್ನೂ ಅವಳು ಅಲ್ಲೇ ನಿಂತು ತಮ್ಮಂದಿರಿಗೆ ಕೈಯಲ್ಲಿ ಹೇಳುತ್ತಾಳೆ. ಕೈಯಲ್ಲಿ ಹೇಳಲು ಬರುವಂಥ ಉತ್ತರವನ್ನು ತನ್ನಿ.

ವರ್ಷಾ
ನಂಜುಂಡೇಶ್